ತಾರೀಖು ಕೇಳುವ ಕಂಪ್ಯೂಟರ್

ಬೆಳಗ್ಗೆ ಆರೂವರೆಗೆ ಮುಂದಿನ ಕೋಣೆಯಿಂದ ಮೂರು ಸಲ ಕೀಚಲು ಕೂಗು ಬರುತ್ತಿತ್ತು. ಮನೆಯವರೆಲ್ಲ ಆ ಕೂಗಿಗೇ ಏಳುತ್ತಿದ್ದರು. ನೀರಿನ ಮೀಟರ್ ಓದುವ ಕೆಲಸದಲ್ಲಿದ್ದ ಮಗ ಮಗ್ಗುಲು ಬದಲಿಸಿ, "ಇನ್ನೈದು ನಿಮಿಷ," ಎನ್ನುತ್ತಿದ್ದ. ಅಡುಗೆಮನೆಯಲ್ಲಿ ಅತ್ತೆ ಚಹಾದ ನೀರು ಇಟ್ಟು, "ಕೋಳಿ ಕೂಗ್ತು, ಏಳ್ರಪ್ಪಾ," ಎನ್ನುತ್ತಿದ್ದರು. ಸೊಸೆ ಆ ಹೊತ್ತಿಗಾಗಲೇ ಎದ್ದು ಹಿತ್ತಲ ತಂತಿಯ ಮೇಲೆ ಬಟ್ಟೆ ಹರವುತ್ತಿರುತ್ತಿದ್ದಳು.

ಕೂಗುತ್ತಿದ್ದುದು ಮಾವನ ಕಂಪ್ಯೂಟರ್. ಅದು ಕೂಗಿದ ಮೇಲೆ ಐದು ನಿಮಿಷ ಮುಂದಿನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಯಾರೂ ಹೋಗುವಂತಿರಲಿಲ್ಲ. ಬಾಗಿಲು ತೆರೆದಾಗ ಮಾವ ಎಂಬ್ರಾಯ್ಡರಿ ಯಂತ್ರದ ಸೂಜಿಗೆ ದಾರ ಪೋಣಿಸುತ್ತಿರುತ್ತಿದ್ದರು, ಪರದೆಯ ಮೇಲೆ ಯಾವುದೋ ಶಾಲೆಯ ಲಾಂಛನ ಮೂಡಿರುತ್ತಿತ್ತು.

ಬೀದಿಯಲ್ಲಿ ಅವರನ್ನು ಬ್ಯಾಡ್ಜಿನ ಯಜಮಾನರು ಎಂದೇ ಕರೆಯುತ್ತಿದ್ದರು. ಶಾಲೆಗಳು, ಅಗ್ನಿಶಾಮಕ ಠಾಣೆ, ಎರಡು ಹೋಟೆಲು, ಒಂದು ನರ್ಸಿಂಗ್ ಶಾಲೆ, ಇವರೆಲ್ಲರ ಎದೆಯ ಮೇಲಿನ ಬ್ಯಾಡ್ಜು ಆ ಕೋಣೆಯಲ್ಲೇ ಹುಟ್ಟುತ್ತಿತ್ತು. ವಿನ್ಯಾಸವನ್ನು ಅವರು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಕಂಪ್ಯೂಟರು ಅದನ್ನು ಬೆರಳು ದಪ್ಪದ ಕೇಬಲ್ಲಿನ ಮೂಲಕ ಯಂತ್ರಕ್ಕೆ ಹೇಳುತ್ತಿತ್ತು. ಯಂತ್ರ ಹೊಲಿಯುತ್ತಿತ್ತು. ಹಿಂಬದಿಯಲ್ಲಿ ನೇತಾಡುವ ದಾರದ ತುದಿಗಳನ್ನು ಕತ್ತರಿಸುವುದು ಸೊಸೆಯ ಕೆಲಸ. ಈ ಮನೆಗೆ ಬಂದ ನಾಲ್ಕು ವರ್ಷದಿಂದ ಅವಳು ಅದನ್ನೇ ಮಾಡುತ್ತಿದ್ದಳು. ಗಂಟೆಗೆ ತೊಂಬತ್ತು ಬ್ಯಾಡ್ಜು. ಬಲಗೈಯ ಹೆಬ್ಬೆರಳಿನಲ್ಲಿ ಕತ್ತರಿಯ ಉಂಗುರದ ಗುರುತು ಗಟ್ಟಿಯಾಗಿ ಕೂತಿತ್ತು.

ಗ್ರಂಥಾಲಯದ ಮಹಡಿಯಲ್ಲಿ ಮಧ್ಯಾಹ್ನದ ತರಗತಿ ಶುರುವಾದಾಗ ಅವಳು ಅತ್ತೆಯ ಒಪ್ಪಿಗೆ ಕೇಳಿ ಸೇರಿಕೊಂಡಳು. ಕಂಪ್ಯೂಟರಿನ ಭಾಗಗಳು, ಅವುಗಳ ಜೋಡಣೆ, ಒಳಗಿನ ಸೆಟ್ಟಿಂಗು, ತಂತ್ರಾಂಶ ಹಾಕುವುದು. ವಾರಕ್ಕೆ ಮೂರು ದಿನ, ಎರಡರಿಂದ ನಾಲ್ಕು. ಎರಡನೇ ವಾರ ಕಲಿಸುವಾಕೆ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು.

ಆ ರಾತ್ರಿ ಊಟಕ್ಕೆ ಕುಳಿತಾಗ ಹಾಳೆ ಅವಳ ತಟ್ಟೆಯ ಪಕ್ಕದಲ್ಲಿತ್ತು.

"ಮಾವ, ಒಂದ್ ಹತ್ತು ನಿಮಿಷ ಕಂಪ್ಯೂಟರ್ ಬೇಕಿತ್ತು."

"ಯಾಕೆ?"

"ಇದನ್ನ ತುಂಬಿಸ್ಕೊಂಡು ಹೋಗ್ಬೇಕು. ಮನೇಲಿರೋ ಕಂಪ್ಯೂಟರೊಳಗೆ ಏನೇನಿದೆ ಅಂತ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಯಾವ ಪೋರ್ಟಿಗೆ ಏನು ಸೇರಿದೆ..."

"ಅದರೊಳಗೆ ಕೆಲಸ ಇದೆ. ಹಾಗಂತ ಬರಿ."

ಅತ್ತೆ ನಕ್ಕರು. ಮಗನೂ ನಕ್ಕ. ಸೊಸೆ ನಗಲಿಲ್ಲ.

"ಬಿಚ್ಚಲ್ಲ ಮಾವ. ಬರೀ ನೋಡ್ತೀನಿ."

"ನೆಟ್ಟಗೆ ನಡೀತಿರೋದನ್ನ ನೋಡಬಾರ್ದು. ನೋಡಿದ್ರೆ ಮುಟ್ಟೋಣ ಅನ್ಸುತ್ತೆ. ಮುಟ್ಟಿದ್ರೆ ಬಿಚ್ಚೋಣ ಅನ್ಸುತ್ತೆ. ಆಮೇಲೆ ಮೇಜಿನ ಮೇಲೆ ಎರಡು ತಿರುಪು ಉಳಿದಿರುತ್ತೆ, ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿರಲ್ಲ."

"ಅಪ್ಪಾ, ಅವಳು ಕಲೀತಿರೋದೇ ಅದನ್ನ," ಎಂದ ಮಗ. "ಅದು ದಿನಾ ಬೆಳಗ್ಗೆ ಯಾಕೆ ಕಿರುಚುತ್ತೆ ಅಂತಾನಾದ್ರೂ ನೋಡ್ಲಿ."

"ನೀನು ದಿನಾ ಬೆಳಗ್ಗೆ ಯಾಕೆ ಏಳಲ್ಲ ಅಂತ ಮೊದಲು ನೋಡ್ಕೋ."

ಮಾತು ಅಲ್ಲಿಗೆ ನಿಂತಿತು. ಮಾವ ತಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದು, ಆಲೂಗಡ್ಡೆ ಯಾವುದು ಬೆಳ್ಳುಳ್ಳಿ ಯಾವುದು ಎಂದು ಬೆರಳಿನಿಂದ ತಡವುತ್ತಿದ್ದರು. ಅದನ್ನು ಮೂವರೂ ನೋಡಿದರು. ಯಾರೂ ಏನೂ ಹೇಳಲಿಲ್ಲ. ಹಾಳೆ ಖಾಲಿಯಾಗಿಯೇ ತರಗತಿಗೆ ಹೋಗಿ, ಖಾಲಿಯಾಗಿಯೇ ಮರಳಿತು.

ಹತ್ತು ದಿನ ಕಳೆದ ಮೇಲೆ ಅಗ್ನಿಶಾಮಕ ಠಾಣೆಯ ಬ್ಯಾಡ್ಜಿಗೆ ಮಾವ ಕೆಂಪಿನ ಬದಲು ಕಿತ್ತಳೆ ದಾರ ಹಾಕಿದಾಗ ಮಾತಾಡದೆ ವಿಧಿಯಿರಲಿಲ್ಲ. ವೈದ್ಯರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊದಲು ಬಲಗಣ್ಣು ಮಾಡೋಣ ಎಂದರು. ಕಣ್ಣಿನ ಆಸ್ಪತ್ರೆ ಮಾವನ ತಂಗಿಯ ಮನೆಗೆ ಹತ್ತಿರ. ಹತ್ತು ದಿನ ಅಲ್ಲೇ ಇದ್ದು ಬರುವುದೆಂದು ತೀರ್ಮಾನವಾಯಿತು.

ಹೊರಡುವ ದಿನ ಅವರು ಕಂಪ್ಯೂಟರಿನ ಪ್ಲಗ್ ಕಿತ್ತು, ಅದಕ್ಕೊಂದು ಹಳೆಯ ಹೊದಿಕೆ ಹೊದಿಸಿದರು. ಮಲಗುವ ಮಗುವಿಗೆ ಹೊದಿಸುವ ಹಾಗೆ ಅಂಚುಗಳನ್ನು ಒಳಕ್ಕೆ ಸಿಕ್ಕಿಸಿದರು.

"ನರ್ಸಿಂಗ್ ಶಾಲೇದು ಮುನ್ನೂರರಲ್ಲಿ ನೂರೆಂಬತ್ತು ಆಗಿದೆ. ಮಿಕ್ಕಿದ್ದು ಬಂದ್ಮೇಲೆ ಮಾಡ್ತೀನಿ. ತಿಂಗಳ ಕೊನೆಗೆ ಕೊಟ್ರೆ ಸಾಕು. ಯಾರೂ ಮುಟ್ಟಬೇಡಿ."

'ಯಾರೂ' ಎನ್ನುವಾಗ ಅವರು ಸೊಸೆಯ ಕಡೆಗೇ ತಿರುಗಿದ್ದರು.

ಮಾವ ಹೋದ ಮರುದಿನವೇ ಮಗ ರಜೆ ಹಾಕಿ ಬಣ್ಣದ ಡಬ್ಬಿ ತಂದ.

"ಅಪ್ಪ ಇಲ್ದಾಗ ಮಾತ್ರ ಈ ಕೋಣೆ ಬಣ್ಣ ಕಾಣೋದು. ಬಂದು ನೋಡ್ಲಿ, ಹೊಸಾ ಕಣ್ಣಿಗೆ ಹೊಸಾ ಗೋಡೆ."

ದಾರದ ರೀಲುಗಳೆಲ್ಲ ಹಾಲಿಗೆ ಬಂದವು. ಗೋಡೆಯಿಂದ ಗಡಿಯಾರ, ಅಳತೆಪಟ್ಟಿ ಇಳಿದವು. ಕಂಪ್ಯೂಟರಿನ ಮೇಲೆ ಸದಾ ತೂಗುತ್ತಿದ್ದ ಹಳೆಯ ಕ್ಯಾಲೆಂಡರ್ ಕೂಡ ಇಳಿಯಿತು. ದೀಪಸ್ತಂಭದ ಚಿತ್ರವಿದ್ದ ಅದು ಹನ್ನೊಂದು ವರ್ಷದ ಹಿಂದಿನದು. ಅದನ್ನು ತೆಗೆಯಿರಿ ಎಂದು ಮನೆಯವರು ಹೇಳಿದ್ದಕ್ಕೂ ಲೆಕ್ಕವಿಲ್ಲ, ಮಾವ ಕಿವಿಗೆ ಹಾಕಿಕೊಳ್ಳದ್ದಕ್ಕೂ ಲೆಕ್ಕವಿಲ್ಲ. ಮಗ ಅದನ್ನು ಕಸದ ಚೀಲಕ್ಕೆ ತುರುಕುವಷ್ಟರಲ್ಲಿ ಅತ್ತೆ ಕಿತ್ತುಕೊಂಡರು.

"ಎಸೀಬೇಡ, ಒಳ್ಳೇ ದಪ್ಪ ಕಾಗದ. ಡಬ್ಬಿ ಕೆಳಗೆ ಹಾಸ್ತೀನಿ."

ಸೊಸೆ ಕಂಪ್ಯೂಟರನ್ನು ಹಾಲಿನ ಮೇಜಿಗೆ ಎತ್ತಿ ತಂದಳು. ಹೊದಿಕೆ ಜಾರಿತು. ಪೆಟ್ಟಿಗೆಯ ಸೀಳುಗಳಲ್ಲಿ ಬಣ್ಣಬಣ್ಣದ ದಾರದ ನವಿರು ತುಂಬಿಕೊಂಡಿತ್ತು. ಇದನ್ನಾದರೂ ಒರೆಸೋಣ ಎಂದುಕೊಂಡಳು. ಒರೆಸಲು ಪಕ್ಕದ ತಗಡು ತೆಗೆಯಬೇಕಿತ್ತು. ತಗಡು ತೆಗೆದಾಗ, ಹಾಳೆಯಲ್ಲಿ ಕೇಳಿದ್ದೆಲ್ಲ ಕಣ್ಣೆದುರೇ ಇತ್ತು. ಮೆಮೊರಿಯ ಎರಡು ಪಟ್ಟಿ, ಹಾರ್ಡ್ ಡಿಸ್ಕು, ಫ್ಲಾಪಿ ಹಾಕುವ ಜಾಗ, ಒಂಬತ್ತು ಪಿನ್ನಿನ ಹಳೆಯ ಪೋರ್ಟು. ಹಸಿರು ಹಲಗೆಯ ಮೂಲೆಯಲ್ಲಿ ನಾಣ್ಯದಂಥ ಒಂದು ಬಟನ್ ಸೆಲ್ಲು. ಅದರ ಅಂಚು ಕಪ್ಪಾಗಿತ್ತು.

ಆ ವಾರವಷ್ಟೇ ಕಲಿಸುವಾಕೆ ಹೇಳಿದ್ದರು. ಪ್ಲಗ್ ಕಿತ್ತಾಗಲೂ ಕಂಪ್ಯೂಟರು ತಾರೀಖು ಮರೆಯದಿರುವುದು ಈ ಸೆಲ್ಲಿನಿಂದ. ಸೆಲ್ಲು ಸತ್ತರೆ ಅದು ದಿನವೂ ತಾನು ಹುಟ್ಟಿದ ದಿನಕ್ಕೇ ಎಚ್ಚರಗೊಳ್ಳುತ್ತದೆ, ಕೂಗುತ್ತದೆ, ತಾರೀಖು ಕೇಳುತ್ತದೆ.

"ಅತ್ತೆ, ಇದಕ್ಕೆ ದಿನಾ ಕೂಗೋ ಕಾಯಿಲೆ ಅಲ್ಲ! ಸೆಲ್ಲು ಹೋಗಿದೆ ಅಷ್ಟೇ. ಒಂದು ಸೋಪಿನ ಬೆಲೆ."

"ಹಾಗಾದ್ರೆ ಹಾಕ್ಬಿಡು. ಕೂಗೋದು ನಿಂತ್ರೆ ನಿನ್ ಗಂಡ ಜನ್ಮದಲ್ಲಿ ಏಳಲ್ಲ, ಅದೊಂದೇ ಚಿಂತೆ."

ಬೀದಿ ಕೊನೆಯ ಗಡಿಯಾರದ ಅಂಗಡಿಯಲ್ಲಿ ಸೆಲ್ಲು ಸಿಕ್ಕಿತು. ಹಾಕಿ, ಸ್ವಿಚ್ ಒತ್ತಿ, ನೀಲಿ ಪರದೆಗೆ ಹೋದಳು. ಇಸವಿ, ತಿಂಗಳು, ದಿನ ಎಂದು ಅದು ಕೇಳಿತು. ಅವಳು ಅಂದಿನ ತಾರೀಖು ಕೊಟ್ಟಳು. ಆರಿಸಿ ಮತ್ತೆ ಹಚ್ಚಿದಾಗ ಕಂಪ್ಯೂಟರು ಒಂದಿಷ್ಟೂ ಕೂಗದೆ ಎದ್ದಿತು. ಮಗ ಬಣ್ಣದ ಬ್ರಶ್ಶು ಹಿಡಿದುಕೊಂಡೇ ಬಂದು ಚಪ್ಪಾಳೆ ತಟ್ಟಿದ, ನೆಲಕ್ಕೆಲ್ಲ ಬಿಳಿ ಹನಿ ಸಿಡಿಯಿತು. ಅವಳು ಹಾಳೆಯ ಎಲ್ಲ ಸಾಲು ತುಂಬಿದಳು. ಕೊನೆಗೆ, ಎಲ್ಲ ಸರಿಯಿದೆಯೇ ನೋಡೋಣವೆಂದು ಮಾವನ ಎಂಬ್ರಾಯ್ಡರಿ ಪ್ರೋಗ್ರಾಂ ತೆರೆದಳು.

ಪರದೆಯ ನಡುವೆ ಒಂದು ಪುಟ್ಟ ಚೌಕ ಬಂತು. ಲೈಸೆನ್ಸಿನ ಅವಧಿ ಮುಗಿದು ಹತ್ತು ವರ್ಷದ ಮೇಲೆ ಇಷ್ಟು ದಿನವಾಗಿದೆ. ಲೈಸೆನ್ಸ್ ತೆಗೆದುಹಾಕಲಾಗಿದೆ. ಮಾರಿದವರನ್ನು ಸಂಪರ್ಕಿಸಿ.

ಅವಳು ಆ ಚೌಕ ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ ಅದೇ. ಮಾವನ ವಿನ್ಯಾಸಗಳಿದ್ದ ಕಡತ ತೆರೆದು ನೋಡಿದಳು. ನಾನೂರ ಹನ್ನೆರಡು ವಿನ್ಯಾಸ. ಒಂದೊಂದರ ಮುಂದೆಯೂ ಅದನ್ನು ಮಾಡಿದ ತಾರೀಖು. ತಿಂಗಳು ಬೇರೆ, ದಿನ ಬೇರೆ, ಇಸವಿ ಮಾತ್ರ ಎಲ್ಲಕ್ಕೂ ಒಂದೇ. ಹೋದ ತಿಂಗಳು ತಾನೇ ಎದುರು ಕೂತು ದಾರ ಕತ್ತರಿಸಿದ ಹೋಟೆಲಿನ ಬ್ಯಾಡ್ಜಿನ ಮುಂದೆಯೂ ಅದೇ ಇಸವಿ.

ಅಡುಗೆಮನೆಗೆ ಹೋಗಿ, ಬೇಳೆಯ ಡಬ್ಬಿ ಎತ್ತಿ, ಕೆಳಗೆ ಹಾಸಿದ್ದ ಕ್ಯಾಲೆಂಡರಿನ ಹಾಳೆ ನೋಡಿದಳು. ಅದೇ ಇಸವಿ.

ಕಂಪ್ಯೂಟರಿಗೆ ಅವಳು ಹಳೆಯ ಇಸವಿ ಕೊಟ್ಟು ನೋಡಿದಳು, ಫಲವಾಗಲಿಲ್ಲ. ಒಮ್ಮೆ ಅವಧಿ ಮುಗಿದದ್ದನ್ನು ಕಂಡ ಪ್ರೋಗ್ರಾಂ ತನ್ನ ಲೈಸೆನ್ಸನ್ನು ತಾನೇ ಅಳಿಸಿಹಾಕಿತ್ತು. ಮಾರಿದವರ ಫೋನ್ ನಂಬರು ಪೆಟ್ಟಿಗೆಯ ಹಿಂದೆ ಅಂಟಿಸಿತ್ತು. ಗಂಡ ಫೋನ್ ಮಾಡಿದ. ಎತ್ತಿದ್ದು ಒಂದು ಹಾಲಿನ ಅಂಗಡಿ.

"ಇದನ್ನ ಮಾರಿದ ಆ ಅಣ್ಣತಮ್ಮಂದಿರು ಕಂಪನಿ ಮುಚ್ತಾರೆ ಅಂತ ಆಗಲೇ ಹೇಳಿದ್ದೆ ನಾನು," ಎಂದ ಗಂಡ, ರಾತ್ರಿಯ ಊಟಕ್ಕೆ ಕೂತಾಗ. "ವರ್ಷ ವರ್ಷದ ಲೈಸೆನ್ಸ್ ಬೇಡ, ಪೂರ್ತಿ ಬರೆಸ್ಕೊಳ್ಳಿ ಅಂದ್ರೆ, ಬರೆಸ್ಕೊಂಡಿದೀನಿ, ನೀನೇನು ನನಗೆ ಹೇಳೋದು ಅಂದಿದ್ರು ಅಪ್ಪ."

"ಬರೆಸ್ಕೊಂಡಿರ್ಲಿಲ್ಲ," ಎಂದಳು ಅವಳು.

"ಬರೆಸ್ಕೊಂಡಿರ್ಲಿಲ್ಲ. ಅದಕ್ಕೇ ದಿನಾ ಬಾಗಿಲು ಮುಚ್ಕೊಂಡು ಅದಕ್ಕೆ ಸುಳ್ಳು ತಾರೀಖು ಹೇಳ್ತಿದ್ರು."

"ನಾನು ಮುಟ್ಟಬಾರ್ದಿತ್ತು ರೀ."

"ಮುಟ್ಟಬಾರ್ದಿತ್ತು," ಎಂದ ಅವನು. ಹೇಳಿದ ಮೇಲೆ ಅವಳ ಮುಖ ನೋಡಿ, "ನಾನೂ ಚಪ್ಪಾಳೆ ತಟ್ಟಿದೆ ಬಿಡು," ಎಂದು ಸೇರಿಸಿದ.

ಅತ್ತೆ ಅನ್ನ ಬಡಿಸುತ್ತ ನಿಟ್ಟುಸಿರುಬಿಟ್ಟರು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸರಿ, ಉಣ್ಣಿ. ಅನ್ನದ ಮೇಲೇನು ಸಿಟ್ಟು?"

ಆಮೇಲಿನ ದಿನಗಳಲ್ಲಿ ಸಂಜೆ ಏಳಕ್ಕೆ ತಂಗಿಯ ಮನೆಯಿಂದ ಫೋನ್ ಬರುತ್ತಿತ್ತು. ಅತ್ತೆಯೇ ಎತ್ತುತ್ತಿದ್ದರು.

"ಕಣ್ಣು ಹೇಗಿದೆ? ... ಹಾಂ, ಔಷಧಿ ಹಾಕ್ಕೊಳ್ಳಿ. ... ಎಲ್ಲ ಚೆನ್ನಾಗಿದೀವಿ. ... ಇಲ್ಲ, ಹೊದಿಸಿದ ಹಾಗೇ ಇದೆ."

ಅದು ಹೊದಿಸಿದ ಹಾಗೇ ಇದ್ದದ್ದು ನಿಜ. ಸೊಸೆ ಅದನ್ನು ಹಳೆಯ ಜಾಗಕ್ಕೇ ಒಯ್ದಿಟ್ಟು, ಅದೇ ಹೊದಿಕೆಯನ್ನು ಅದೇ ರೀತಿ ಅಂಚು ಸಿಕ್ಕಿಸಿ ಹೊದಿಸಿದ್ದಳು.

ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಬಂದವರೇ ಹೆಂಡತಿಯ ಮುಖ ಹತ್ತಿರದಿಂದ ನೋಡಿ, "ಇಷ್ಟು ಸುಕ್ಕು ಯಾವಾಗ ಬಂತು?" ಎಂದರು. "ನಿಮ್ಮ ಕಣ್ಣಿಗೆ ಪೊರೆ ಬಂದಾಗ ಬಂತು, ಒಳ್ಳೇದೇ ಆಗಿತ್ತು," ಎಂದರು ಅತ್ತೆ. ಮುಂದಿನ ಕೋಣೆಯ ಬಾಗಿಲಲ್ಲಿ ಅವರ ನಗು ನಿಂತಿತು. ಬಿಳಿ ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಕ್ಯಾಲೆಂಡರ್ ತೂಗುತ್ತಿದ್ದ ಮೊಳೆಯೂ ಇರಲಿಲ್ಲ. ಹೊದಿಕೆ ತೆಗೆದು ಸ್ವಿಚ್ ಒತ್ತಿದರು. ತಲೆ ಬಾಗಿಸಿ ಕಾದರು.

ಕೂಗು ಬರಲಿಲ್ಲ.

"ಯಾರು?" ಎಂದರು.

"ನಾನು ಮಾವ."

"ನಿನಗ್ಯಾರು ಹೇಳಿದ್ದು?"

ಹತ್ತು ದಿನ ಅವಳು ಹಲವು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ಬಾಯಿಗೆ ಬಂದದ್ದು ಅದಾವುದೂ ಅಲ್ಲ.

"ಯಾರೂ ಹೇಳ್ಲಿಲ್ಲ. ಈ ಮನೇಲಿ ಯಾರೂ ಯಾರಿಗೂ ಏನೂ ಹೇಳಲ್ವಲ್ಲ ಮಾವ. ಅದಕ್ಕೇ ಹೀಗಾಗಿದ್ದು."

ಮಾವ ಸ್ವಿಚ್ ಆರಿಸಿದರು. ಪ್ಲಗ್ ಕಿತ್ತರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ನಾಲ್ಕು ದಿನ ಹಾಗೇ ಕೂತರು. ಕರೆದಾಗ ಬಂದು ಉಣ್ಣುತ್ತಿದ್ದರು. ಬೀದಿಯಲ್ಲಿ ಹೋಗುವವರು, "ಯಜಮಾನ್ರೇ, ಕಣ್ಣು ಕಾಣುತ್ತಾ?" ಎಂದರೆ, "ಬೇಡಾಗಿದ್ದೂ ಕಾಣುತ್ತೆ," ಎನ್ನುತ್ತಿದ್ದರು. ಮನೆಯವರೊಡನೆ ಮಾತಿಲ್ಲ. ಬೆಳಗ್ಗೆ ಆರೂವರೆಗೆ ಅವರು ಎದ್ದು ಮುಂದಿನ ಕೋಣೆಗೆ ಹೋಗಿ, ಏನೂ ಮಾಡದೆ ಹೊರಗೆ ಬರುವುದು ಸೊಸೆಗೆ ಹಿತ್ತಲಿನಿಂದ ಕೇಳಿಸುತ್ತಿತ್ತು. ಚಪ್ಪಲಿ ಒಳಗೆ ಹೋಗುವ ಸದ್ದು, ಹೊರಗೆ ಬರುವ ಸದ್ದು.

ಐದನೇ ದಿನ ಅತ್ತೆಯ ತಾಳ್ಮೆ ಮುಗಿಯಿತು. ಬ್ರೆಡ್ಡಿನ ತಟ್ಟೆಯನ್ನು ಮೆಟ್ಟಿಲ ಮೇಲೆ ಟಕ್ಕನೆ ಇಟ್ಟರು.

"ಮಾತು ಬೆಳ್ಳಿ, ಮೌನ ಬಂಗಾರ ಅಂತ ಈ ಮನೇಲಿ ಎಲ್ರೂ ಕೂಡಿಟ್ಟಿದ್ದೇ ಕೂಡಿಟ್ಟಿದ್ದು. ಸಾಕು. ಆ ಹುಡುಗಿ ನಿಮ್ ಕಂಪ್ಯೂಟರಿಗೆ ನಿಜ ಹೇಳಿದ್ಲು, ಅದು ತಡ್ಕೊಳ್ಳಲಿಲ್ಲ. ಅವಳದ್ದೇನು ತಪ್ಪು?"

"ನಿನಗೇನು ಗೊತ್ತು ಅದರದ್ದು?"

"ಎಲ್ಲ ಗೊತ್ತು. ಪ್ರತೀ ಹೊಸ ವರ್ಷಕ್ಕೂ ಆ ಹಳೇ ಕ್ಯಾಲೆಂಡರನ್ನೇ ಮೊದಲನೇ ಹಾಳೆಗೆ ತಿರುಗಿಸ್ತಿದ್ರಲ್ಲ. ಇವರಿಗೆ ಒಂದೋ ಹುಚ್ಚು ಹಿಡಿದಿದೆ, ಇಲ್ಲಾ ಏನೋ ಮುಚ್ಚಿಡ್ತಿದಾರೆ ಅಂದ್ಕೊಂಡೆ. ಊಟ ಸರಿಯಾಗಿ ಮಾಡ್ತಿದ್ರಿ, ಹುಚ್ಚಲ್ಲ ಅಂತ ಸುಮ್ಮನಾದೆ."

ಮಾವ ಬ್ರೆಡ್ಡು ಮುರಿದು, ತಿನ್ನದೆ ಕೈಯಲ್ಲೇ ಹಿಡಿದುಕೊಂಡರು. "ಮಗನ ಮುಂದೆ ಹೇಗೆ ಹೇಳ್ಲಿ? ಅವನು ಬೇಡ ಅಂದಿದ್ದ."

"ಹನ್ನೊಂದು ವರ್ಷದ ಹಿಂದೆ ಬೇಡ ಅಂದಿದ್ದ. ಈಗ ಅವನಿಗೇ ತಲೆ ನರೆತಿದೆ."

ಇತ್ತ ಇಷ್ಟು ದಿನ ಹಿಂಜರಿದಿದ್ದ ಸೊಸೆ ಅದೇ ಮಧ್ಯಾಹ್ನ ತರಗತಿಯಲ್ಲಿ ತುಂಬಿದ ಹಾಳೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಕಲಿಸುವಾಕೆ ಹಾಳೆಯ ಒಂದೊಂದು ಸಾಲಿಗೂ ಬೆರಳಿಟ್ಟು ನೋಡಿದರು. "ನಿಮ್ಮ ಯಂತ್ರ ಆ ಪ್ರೋಗ್ರಾಂನ ಮಾತು ಕೇಳ್ತಿರಲಿಲ್ಲ. ಅದಕ್ಕೆ ಬರೋದು ಹೊಲಿಗೆಯ ಭಾಷೆ ಒಂದೇ. ಸೂಜಿ ಇಲ್ಲಿ ಇಳಿ, ಅಲ್ಲಿ ಇಳಿ. ಪ್ರೋಗ್ರಾಂ ದುಭಾಷಿ ಅಷ್ಟೇ. ಹೊಲಿಗೆಯ ಭಾಷೆಯಲ್ಲೇ ಉಳಿಸಿದ ಪ್ರತಿ ಏನಾದ್ರೂ ಇದ್ರೆ, ದುಭಾಷಿ ಇಲ್ಲದೆಯೂ ಕಳಿಸಬಹುದು. ಇದೆಯಾ?"

ಇತ್ತು. ಸೊಸೆಗೆ ಥಟ್ಟನೆ ನೆನಪಾಯಿತು. ಒಂದೊಂದು ಬ್ಯಾಡ್ಜು ಮುಗಿದಾಗಲೂ ಮಾವ ಒಂದು ಫ್ಲಾಪಿಗೆ ಏನೋ ತುಂಬಿ, ಮೇಲೆ ಗಿರಾಕಿಯ ಹೆಸರು ಬರೆದು, ಬಿಸ್ಕತ್ತಿನ ದೊಡ್ಡ ಡಬ್ಬಿಗೆ ಹಾಕುತ್ತಿದ್ದರು. ಯಾಕೆಂದು ಒಮ್ಮೆ ಅತ್ತೆ ಕೇಳಿದ್ದಕ್ಕೆ, "ನಾಳೆ ನಾನಿಲ್ದಿದ್ರೆ ಅವರು ಬೇರೆ ಕಡೆಯಾದ್ರೂ ಹೊಲಿಸ್ಕೊಳ್ಳಲಿ," ಎಂದಿದ್ದರು.

ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ. ಅವಳು ಮನೆಗೆ ಬಂದವಳೇ ಡಬ್ಬಿ ಇಳಿಸಿ, ನರ್ಸಿಂಗ್ ಶಾಲೆಯ ಫ್ಲಾಪಿ ಹುಡುಕಿದಳು. ಮಾವ ಮೆಟ್ಟಿಲ ಮೇಲಿದ್ದರು. ಅವರನ್ನು ದಾಟಿಯೇ ಒಳಗೆ ಬಂದಿದ್ದಳು. ಕಂಪ್ಯೂಟರ್ ಹಚ್ಚಿದಳು. ಚೌಕಟ್ಟಿಗೆ ಬಟ್ಟೆ ಬಿಗಿದಳು. ತರಗತಿಯಲ್ಲಿ ಬರೆದುಕೊಂಡ ಒಂದು ಸಾಲಿನ ಆಜ್ಞೆಯನ್ನು ಅಕ್ಷರ ಅಕ್ಷರ ನೋಡಿ ಒತ್ತಿದಳು.

ಯಂತ್ರ ಬೆಚ್ಚಿಬಿದ್ದಂತೆ ಒಮ್ಮೆ ನಡುಗಿತು. ಚೌಕಟ್ಟನ್ನು ದರದರ ಮೂಲೆಗೆ ಎಳೆದು, ಕೆಂಪು ದೀಪ ಹೊತ್ತಿಸಿ ನಿಂತುಬಿಟ್ಟಿತು.

ಚಪ್ಪಲಿಯ ಸದ್ದು ಒಳಗೆ ಬಂತು.

"ವೇಗ ಹೊಂದಿಲ್ಲ," ಎಂದರು ಮಾವ. ಐದು ದಿನದಲ್ಲಿ ಅವಳಿಗೆ ಹೇಳಿದ ಮೊದಲ ಮಾತು. "ಇದು ಓಡ್ತಾ ಹೇಳ್ತಿದೆ, ಅದು ನಡೀತಾ ಕೇಳ್ತಿದೆ. ಆ ಅಣ್ಣತಮ್ಮಂದಿರು ಬಂದಾಗ ಎರಡಕ್ಕೂ ಒಂದೇ ವೇಗ ಇಟ್ಟು ಹೋಗಿದ್ರು."

"ಎಷ್ಟು ಮಾವ?"

"ಅದನ್ನ ಪ್ರೋಗ್ರಾಂ ನೋಡ್ಕೊಳ್ತಿತ್ತು. ನಾನು ಬರೆದಿಟ್ಟಿದ್ದೆ."

"ಎಲ್ಲಿ?"

ಮಾವ ಬಿಳಿ ಗೋಡೆಯ ಕಡೆ ಕೈ ತೋರಿಸಿದರು. "ಕ್ಯಾಲೆಂಡರಿನ ಕೊನೇ ಹಾಳೆ. ಹಿಂದುಗಡೆ."

ಅವಳು ಅಡುಗೆಮನೆಗೆ ಓಡಿದಳು. ಮೊದಲನೇ ಹಲಗೆಯ ಡಬ್ಬಿಗಳು ಕೆಳಗಿಳಿದವು, ಸಕ್ಕರೆ, ಅಕ್ಕಿ, ಬೇಳೆ. ಅವುಗಳ ಕೆಳಗೆ ಫೆಬ್ರವರಿ, ಮಾರ್ಚ್. ಎರಡನೇ ಹಲಗೆಯಲ್ಲಿ ಜೂನ್. "ಡಿಸೆಂಬರ್ ಎಲ್ಲಿ ಅತ್ತೆ? ಡಿಸೆಂಬರ್?" ಅತ್ತೆ ಎಣ್ಣೆಯ ಕ್ಯಾನು ಎತ್ತಿದರು. ಕ್ಯಾನಿನ ಕೆಳಗೆ ಡಿಸೆಂಬರ್ ಇತ್ತು, ನಡುವೆ ಗುಂಡಗೆ ಎಣ್ಣೆಯ ಕಲೆ. ತಿರುಗಿಸಿದರೆ ಮಾವನ ಕೈಬರಹ. ಎಣ್ಣೆ ಕುಡಿದ ಕಾಗದದ ಮೇಲೆ ಅಕ್ಷರಗಳು ಇನ್ನಷ್ಟು ಕಪ್ಪಾಗಿ ಎದ್ದಿದ್ದವು.

"ನನಗೆ ಇನ್ನೂ ಓದೋಕಾಗಲ್ಲ," ಎಂದರು ಮಾವ. "ನೀನು ಓದು."

"ಒಂಬತ್ತು ಸಾವಿರದ ಆರುನೂರು."

"ಅದೇ ವೇಗ."

"ಎಂಟು. ಆಮೇಲೆ, ಇಲ್ಲ. ಆಮೇಲೆ ಒಂದು. ಈ 'ಇಲ್ಲ' ಅಂದ್ರೇನು ಅಂತ ಗೊತ್ತಾ ಮಾವ?"

"ಗೊತ್ತಿಲ್ಲ. ಅವರು ಇಲ್ಲ ಅಂದ್ರು, ಇಲ್ಲ ಅಂತ ಬರ್ಕೊಂಡೆ."

"ಹೇಳೋವಾಗ ನಡುವೆ ತಪ್ಪಾದ್ರೆ ಹಿಡಿಯೋಕೆ ಒಂದು ಗುರುತು ಸೇರಿಸ್ತಾರೆ. ಇಲ್ಲಿ ಅದು ಬೇಡ ಅಂದಿದಾರೆ. ತಪ್ಪಾದ್ರೂ ಯಾರೂ ಹೇಳಲ್ಲ, ಸುಮ್ಮನೆ ಮುಂದೆ ಹೋಗ್ತಾರೆ."

"ನಮ್ಮನೆಗೆ ಅಂತಲೇ ಮಾಡಿದ ಹಾಗಿದೆ," ಎಂದರು ಬಾಗಿಲಲ್ಲಿ ನಿಂತ ಅತ್ತೆ.

ಮಾವ ನಕ್ಕರೋ ಕೆಮ್ಮಿದರೋ, ಕಪ್ಪು ಕನ್ನಡಕದ ಹಿಂದೆ ತಿಳಿಯಲಿಲ್ಲ.

ನಾಲ್ಕನ್ನೂ ಕೊಟ್ಟು ಅವಳು ಮತ್ತೆ ಒತ್ತಿದಳು. ಈ ಸಲ ಯಂತ್ರ ಚೌಕಟ್ಟನ್ನು ಮೆಲ್ಲಗೆ ನಡುವಿಗೆ ತಂದಿತು. ಸೂಜಿ ಒಮ್ಮೆ ಇಳಿದು ಯೋಚಿಸುವಂತೆ ನಿಂತಿತು. ಆಮೇಲೆ ಟಕಟಕ ಹೊಲಿಯತೊಡಗಿತು. ಮೊದಲು ಹಣತೆ, ಅದರ ಮೇಲೆ ಜ್ವಾಲೆ, ಸುತ್ತ ಅಕ್ಷರ. ಮೂವರೂ ನಿಂತೇ ನೋಡಿದರು. ಬ್ಯಾಡ್ಜು ಮುಗಿದಾಗ ಮಾವ ಅದನ್ನು ಬೆರಳಿನಿಂದ ತಡವಿದರು, ಆಮೇಲೆ ಕನ್ನಡಕ ಎತ್ತಿ ಬಲಗಣ್ಣಿಗೆ ಹಿಡಿದರು.

"ಇದು ಇಷ್ಟು ನೀಲಿನಾ?" ಎಂದರು.

ನೂರಿಪ್ಪತ್ತು ಬ್ಯಾಡ್ಜು ಆರು ದಿನದಲ್ಲಿ ಮುಗಿದವು. ಸೊಸೆ ವಿನ್ಯಾಸವನ್ನು ಯಂತ್ರಕ್ಕೆ ಕಳಿಸುತ್ತಿದ್ದಳು. ಮಾವ ಚೌಕಟ್ಟು ಬಿಗಿಯುತ್ತಿದ್ದರು. ಸಂಜೆ ಮೀಟರ್ ಓದಿ ಬಂದ ಮಗ ಬೂಟು ಬಿಚ್ಚಿ ನೆಲದ ಮೇಲೆ ಕೂತು ದಾರ ಕತ್ತರಿಸುತ್ತಿದ್ದ. ಗಂಟೆಗೆ ಮೂವತ್ತಕ್ಕಿಂತ ಅವನ ಕೈ ಓಡುತ್ತಿರಲಿಲ್ಲ. ಒಂದು ಸಂಜೆ ಬ್ಯಾಡ್ಜಿನ ಜ್ವಾಲೆಯನ್ನೇ ಕತ್ತರಿಸಿದ.

"ದೀಪ ಆರಿಸಿದೆಯಲ್ಲೋ," ಎಂದರು ಮಾವ.

"ಅಪ್ಪಾ," ಎಂದ ಅವನು ಕತ್ತರಿ ಕೆಳಗಿಟ್ಟು, "ಅವತ್ತೇ ಹೇಳಿದ್ರೆ ನಾನೇನು ಅಂತಿದ್ದೆ?"

"ನಾನು ಹೇಳಿರ್ಲಿಲ್ವಾ ಅಂತಿದ್ದೆ."

ಮಗ ಯೋಚಿಸಿದ. "ಹೌದು, ಅಂತಿದ್ದೆ," ಎಂದು ಇನ್ನೊಂದು ಬ್ಯಾಡ್ಜು ಕೈಗೆತ್ತಿಕೊಂಡ.

ಎಲ್ಲ ಸರಿಹೋಯಿತೆಂದು ಹೇಳುವಂತಿರಲಿಲ್ಲ. ಫ್ಲಾಪಿಗಳಲ್ಲಿ ಅರವತ್ತೊಂದು ಓದಲಾಗದಷ್ಟು ಹಾಳಾಗಿದ್ದವು. ಹಳೆಯ ವಿನ್ಯಾಸವನ್ನು ಹೊಲಿಯಬಹುದಿತ್ತು, ತಿದ್ದಲಾಗುತ್ತಿರಲಿಲ್ಲ. ಹೊಸದನ್ನು ಬರೆಯಲು ಹೊಸ ಪ್ರೋಗ್ರಾಂ ಬೇಕು, ಅದಕ್ಕೆ ಹೊಸ ಕಂಪ್ಯೂಟರ್ ಬೇಕು. ಕಲಿಸುವಾಕೆ ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಿ ಅಂಥದ್ದೊಂದನ್ನು ಹಾಕಿಕೊಟ್ಟರು. ಸೊಸೆ ಅದರಲ್ಲಿ ಒಂದು ಎಲೆ ಬರೆದು, ಅಚ್ಚು ತೆಗೆದು ಮಾವನಿಗೆ ತಂದು ತೋರಿಸಿದಳು.

"ಎಲೆ ಸರಿ. ದಾರ ಎಲ್ಲ ಒಂದೇ ಕಡೆ ಮಲಗಿದೆಯಲ್ಲಮ್ಮ. ನಡುವಿನ ನರದಿಂದ ಎರಡೂ ಕಡೆ ಓರೆ ಹೋಗಬೇಕು. ಇಲ್ಲದಿದ್ರೆ ಬೆಳಕು ಬಿದ್ದಾಗ ಎಲೆ ಸತ್ತ ಹಾಗೆ ಕಾಣುತ್ತೆ."

"ಯಾವ ಕಡೆ ಎಷ್ಟು ಓರೆ? ಒಂದ್ಸಲ ನೀವೇ ಬಂದು ಹೇಳ್ಬಾರ್ದಾ?"

"ನಾನು? ಅಲ್ಲೆಲ್ಲ ಚಿಕ್ಕೋರಿರ್ತಾರೆ."

"ನಂಗಿಂತ ಚಿಕ್ಕೋರು ಯಾರೂ ಇಲ್ಲ. ಒಬ್ರು ನಿಮಗಿಂತ ದೊಡ್ಡೋರಿದಾರೆ, ಮೌಸ್ ಹಿಡಿದು ನಿದ್ದೆ ಮಾಡ್ತಾರೆ."

ಹೋಗುತ್ತೇನೆಂದು ಮಾವ ಹೇಳಲಿಲ್ಲ. ಹೋಗುವುದಿಲ್ಲ ಎಂದೂ ಹೇಳಲಿಲ್ಲ.

ಬೆಳಗಿನ ಆರೂವರೆ ಮಾತ್ರ ಹಾಗೇ ಉಳಿದಿತ್ತು. ಮಾವ ಎದ್ದು ಮುಂದಿನ ಕೋಣೆಗೆ ಹೋಗುತ್ತಿದ್ದರು. ಸ್ವಿಚ್ ಒತ್ತುತ್ತಿದ್ದರು. ಕಂಪ್ಯೂಟರು ಏನೂ ಕೇಳದೆ ತಾನೇ ಎದ್ದು ಕೂರುತ್ತಿತ್ತು. ಅವರು ಕುರ್ಚಿಯ ಮೇಲೆ ಕೈ ಕಟ್ಟಿ ಕೂತಿರುವುದನ್ನು ಸೊಸೆ ಹಿತ್ತಲಿಗೆ ಹೋಗುವಾಗ ಎರಡು ಮೂರು ಸಲ ನೋಡಿದಳು. ಬಾಗಿಲು ಈಗ ತೆರೆದೇ ಇರುತ್ತಿತ್ತು. ಐದು ನಿಮಿಷ ಆದ ಮೇಲೆ ಅವರು ಎದ್ದು ಸೂಜಿಗೆ ದಾರ ಪೋಣಿಸುತ್ತಿದ್ದರು.

ನರ್ಸಿಂಗ್ ಶಾಲೆಗೆ ಬ್ಯಾಡ್ಜು ಕೊಟ್ಟು ಬಂದ ಸಂಜೆ, ಮಾವ ಬೀದಿಯಲ್ಲಿ ಯಾರೊಡನೆಯೋ ಮಾತಾಡುತ್ತಿದ್ದಾಗ, ಸೊಸೆ ಪುಟ್ಟ ತಿರುಪುಳಿ ತೆಗೆದುಕೊಂಡು ಮುಂದಿನ ಕೋಣೆಗೆ ಹೋದಳು. ಹೊರಗೆ ಬರುವಾಗ ಅವಳ ಮುಷ್ಟಿಯಲ್ಲಿ ಏನೋ ಇತ್ತು. ಅತ್ತೆ ನೋಡಿದರು, ಏನೂ ಕೇಳಲಿಲ್ಲ.

ಮರುದಿನ ಆರೂವರೆಗೆ ಮುಂದಿನ ಕೋಣೆಯಿಂದ ಮೂರು ಕೂಗು ಬಂತು.

ಮಗ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ. "ಅಯ್ಯೋ, ಮತ್ತೆ ಶುರುವಾಯ್ತಾ?"

ಸೊಸೆ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಳು. ನೀಲಿ ಪರದೆಯ ಮುಂದೆ ಮಾವ ಕೂತಿದ್ದರು.

"ಸೆಲ್ಲು ಹೋಗಿದೆ ಕಣಮ್ಮ," ಎಂದರು, ತಿರುಗದೆ.

"ಅಗ್ಗದ್ದು ತಂದಿದ್ದೆ ಮಾವ."

"ತಿಂಗಳಿಗೇ ಹೋಗುವಷ್ಟು ಅಗ್ಗದ್ದಾ?"

"ಗಡಿಯಾರದಂಗಡಿಯೋನು ಮೋಸ ಮಾಡಿರ್ಬೇಕು."

"ಪಾಪ ಅವನು," ಎಂದರು ಮಾವ. ಕೀಲಿಮಣೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ದಿನ ಒತ್ತಿದರು. ತಿಂಗಳು ಒತ್ತಿದರು. ಹಳೆಯ ಅಭ್ಯಾಸದಿಂದ ತಲೆ ಗೋಡೆಯ ಕಡೆ ಎದ್ದಿತು. ಅಲ್ಲಿ ಬಿಳಿ ಬಣ್ಣವಷ್ಟೇ ಇತ್ತು. ಬೆರಳು ಕೀಲಿಯ ಮೇಲೆ ನಿಂತಿತು.

"ಕೇಳಿದ್ಯೇನೇ," ಎಂದು ಅಡುಗೆಮನೆಯ ಕಡೆ ಕೂಗಿದರು. "ಇದು ಯಾವ ಇಸವಿ?"

ಅತ್ತೆ ಚಹಾ ಸೋಸುತ್ತ ಹೇಳಿದರು. ಮಾವ ಒಂದೊಂದೇ ಅಂಕೆಯನ್ನು ಒತ್ತಿದರು.